ಕಾಠ್ಮಂಡುವಿಗೆ ಹೋದ ಹೂವಿನಕೋಲು

ಮಂಜಯ್ಯ ಭಾಗವತರು ಕೋಲು ಕೊಡಲು ಒಪ್ಪಿದ್ದು ನಾವು ರೈಲು ಹತ್ತುವ ಹಿಂದಿನ ದಿನ. ಅಲ್ಲಿಯವರೆಗೆ ನಾನು ಎರಡು ಸಲ ಬಾರ್ಕೂರಿಗೆ ಹೋಗಿ ಅವರ ಜಗಲಿಯಲ್ಲಿ ಕುಳಿತು, ಮಜ್ಜಿಗೆ ಕುಡಿದು, ಬರಿಗೈಯಲ್ಲಿ ವಾಪಸು ಬಂದಿದ್ದೆ.

ನಮ್ಮ ಕಡೆಯಲ್ಲಿ ನವರಾತ್ರಿ ಬಂದರೆ ಹೂವಿನಕೋಲು ಮನೆಮನೆಗೆ ಬರುತ್ತದೆ. ವೇಷ ಇಲ್ಲ, ಕುಣಿತ ಇಲ್ಲ. ಬಿಳಿ ಪಂಚೆ, ಬಿಳಿ ಟೊಪ್ಪಿಯ ಇಬ್ಬರು ಹುಡುಗರು ಹೂ ಕಟ್ಟಿದ ಕೋಲು ಹಿಡಿದು ಎದುರೆದುರು ಕುಳಿತು ಮೊದಲು ಮನೆಯನ್ನು ಹರಸುತ್ತಾರೆ. ಆಮೇಲೆ ಭಾಗವತರು ಪದ್ಯ ಹೇಳಿದಂತೆ ಯಕ್ಷಗಾನದ ಮಾತುಗಾರಿಕೆ ನಡೆಸುತ್ತಾರೆ. ಮನೆಯವರು ದೀಪ ಹಚ್ಚಿ, ಅಕ್ಕಿ, ತೆಂಗಿನಕಾಯಿ ಇಟ್ಟು ಕೂರಿಸುತ್ತಾರೆ. ಇದಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ. ಕೋಲು ಬಂತು ಎಂದರೆ ಬಂತು, ಬಾಗಿಲು ತೆರೆಯುತ್ತದೆ.

ನಾನು ಬ್ರಹ್ಮಾವರದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಕಾಲೇಜಿನ ಯಕ್ಷಗಾನ ತಂಡದ ಜವಾಬ್ದಾರಿಯೂ ನನ್ನದೇ ಆಗಿತ್ತು. 2008ರಲ್ಲಿ ಕಾಠ್ಮಂಡುವಿನ ಕಾಲೇಜೊಂದು ವಿದ್ಯಾರ್ಥಿಗಳ ಜನಪದ ಕಲೆಗಳ ಮೇಳಕ್ಕೆ ನಮ್ಮ ತಂಡವನ್ನು ಕರೆಯಿತು. ಪಶುಪತಿನಾಥನ ಊರಿಗೆ ನಮ್ಮ ಮಕ್ಕಳು ಎಂದು ಬಾರ್ಕೂರಿನಿಂದ ಬೈಂದೂರಿನವರೆಗೆ ಸುದ್ದಿಯಾಯಿತು. ಆದರೆ ಮೇಳ ಬಿದ್ದದ್ದು ನವರಾತ್ರಿಯಲ್ಲಿ. ಅಲ್ಲಿ ಅದನ್ನೇ ದಶೈಂ ಎನ್ನುತ್ತಾರೆ. ಹಾಗಾಗಿ ನಮ್ಮ ಮಕ್ಕಳು ಆ ವರ್ಷ ಊರಿನ ಹೂವಿನಕೋಲಿಗೆ ಸಿಗುತ್ತಿರಲಿಲ್ಲ. ಒಂದು ಕೋಲನ್ನು ನಾವೇ ಅಲ್ಲಿಗೆ ಒಯ್ದರೇನು ಎಂದು ಕೇಳಿದವಳು ನವ್ಯಶ್ರೀ.

ನವ್ಯಶ್ರೀ ಉಪ್ಪುಂದದ ಹುಡುಗಿ. ಅಪ್ಪ ಪಾಂಡು ದೋಣಿಗೆ ಹೋಗುತ್ತಾರೆ, ಅಮ್ಮ ಬೆಳ್ಳಿ ಮೀನು ಮಾರುತ್ತಾರೆ. ಇವಳು ನಮ್ಮ ಹಾಸ್ಟೆಲಿನಲ್ಲಿದ್ದು ಪ್ರತಿ ಭಾನುವಾರ ಮಂಜಯ್ಯನವರಲ್ಲಿಗೆ ಮಾತುಗಾರಿಕೆ ಕಲಿಯಲು ಹೋಗುತ್ತಿದ್ದಳು. ಅವಳ ಎದುರಿಗೆ ಕೂರುವವನು ಬಾರ್ಕೂರಿನ ಗದ್ದೆಮನೆಯ ವಿಶಾಲ್. ಚಿಕ್ಕಂದಿನಿಂದ ಕೋಲು ಹಿಡಿದವನು. ತನಗಿಂತ ಅವಳ ಮಾತು ಗಟ್ಟಿ ಎಂದು ಅವನೇ ಎಲ್ಲರೆದುರು ಹೇಳುತ್ತಿದ್ದ. ಜಗಲಿಯ ಅಭ್ಯಾಸದವರೆಗೆ ಎಲ್ಲವೂ ಸರಿ. ಹಿಂದಿನ ವರ್ಷ ಮಂಜಯ್ಯನವರು ಮನಸ್ಸು ಮಾಡಿ ಅವಳನ್ನು ತಿರುಗಾಟಕ್ಕೂ ಕರೆದುಕೊಂಡು ಹೋದರು. ಮೊದಲ ಮನೆಯೇ ಚೆನ್ನಯ್ಯನವರದ್ದು. ದೊಡ್ಡ ಕೃಷಿಕರು, ಊರಿನಲ್ಲಿ ಅವರ ಮಾತಿಗೆ ತೂಕ. ಅವರು ಅಂಗಳಕ್ಕೆ ಇಳಿದು, ಹೆಣ್ಣು ಕೋಲು ಹಿಡಿದು ಬಂದರೆ ನಮ್ಮ ಮನೆಯಲ್ಲಿ ಅಕ್ಕಿ ಇಡುವ ಕ್ರಮ ಇಲ್ಲ ಎಂದು ಹೇಳಿದರಂತೆ. ಬೈಯಲಿಲ್ಲ, ದನಿಯನ್ನೂ ಏರಿಸಲಿಲ್ಲ. ನವ್ಯಶ್ರೀ ಟೊಪ್ಪಿ ತೆಗೆದು ಪಕ್ಕದ ಹುಡುಗನ ಕೈಗೆ ಕೊಟ್ಟು ಬಸ್‌ ಸ್ಟ್ಯಾಂಡಿಗೆ ನಡೆದಳು. ಉಳಿದ ಮನೆಗಳಿಗೆ ಹುಡುಗರೇ ಹೋದರು.

ಹಾಗಾಗಿ ಕಾಠ್ಮಂಡುವಿಗೆ ಕೋಲು ಕೊಡುವುದೆಂದರೆ ಯಾರ ಕೈಗೆ ಕೊಡುವುದು ಎಂಬುದು ಮಂಜಯ್ಯನವರಿಗೆ ಗೊತ್ತಿತ್ತು. ಮೇಳದಲ್ಲಿ ವೇದಿಕೆಯ ಮೇಲೆ ತೋರಿಸುತ್ತೇವೆ ಎಂದು ನಾನು ಹೇಳಿದ್ದೇ ತಪ್ಪಾಯಿತು. ಕೋಲು ರಂಗಸ್ಥಳ ಹತ್ತುವ ವಸ್ತುವಲ್ಲ, ಹೊಸ್ತಿಲು ದಾಟುವ ವಸ್ತು ಎಂದು ಅವರು ಎರಡು ಸಲವೂ ನನ್ನನ್ನು ವಾಪಸು ಕಳಿಸಿದರು. ಮೂರನೆಯ ಸಲ ನವ್ಯಶ್ರೀ ನನ್ನ ಜತೆಗೆ ಬಂದಳು. ಮಂಜಯ್ಯನವರು ಒಳಗಿನಿಂದ ಕೆಂಪು ವಸ್ತ್ರ ಸುತ್ತಿದ ಹಳೆಯ ಕೋಲನ್ನು ತಂದು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು.

“ಕಾಣ್ ಹೆಣೆ,” ಎಂದರು ಅವಳಿಗೆ. “ಬಾಗ್ಲಿಗೆ ಹೋಪುಕಾತ್, ಬೇಡುಕಾಗ. ನೀನ್ ಹೆಣ್ ಅಂದೇಳಿ ಗೊತ್ತಿದ್ದೂ ಒಂದ್ ಮನಿಯರ್ ತಾವಾಯೇ ದೀಪ ಹಚ್ಚಿ, ಅಕ್ಕಿ ಇಟ್ ಕೂರ್ಸ್ರೆ ಬಿಚ್ಚ್. ಇಲ್ದಿರೆ ಕಟ್ಟಿದ್ ಹಂಗೇ ತಕಂಬಾ.”

“ಕೂರ್ಸ್ರೆ, ಅಜ್ಜಯ್ಯ?”

“ಕೂರ್ಸ್ರೆ ಬಪ್ ವರ್ಷ ಚೆನ್ನಯ್ಯನ ಮನಿಗೆ ನಿನ್ನ ಮುಂದ್ ಮಾಡ್ಕಂಡ್ ನಾನೇ ಹೋತೆ. ಅಲ್ಲಿ ಅವ ಕೇಂಡ್ರೆ ಹೇಳುಕೆ ನಂಗೂ ಒಂದ್ ಮಾತ್ ಬೇಕಲ್ದಾ.”

ಬಾಗಿಲಿಗೆ ಹೋಗಬಹುದು, ಆದರೆ ಬೇಡಬಾರದು. ಇದು ಕೊಡುವ ಮನಸ್ಸೋ, ಕೊಡದಿರುವ ಉಪಾಯವೋ ನನಗೆ ಅರ್ಥವಾಗಲಿಲ್ಲ. ಭಾಷೆ ತಿಳಿಯದ ಊರಿನಲ್ಲಿ ಯಾರು ತಾವಾಗಿ ದೀಪ ಹಚ್ಚುತ್ತಾರೆ? ನವ್ಯಶ್ರೀ ಮಾತ್ರ ಕೋಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಾಲಿಗೆ ಬಿದ್ದು ಎದ್ದಳು.

ಬೊಂಬಾಯಿಯಲ್ಲಿ ರೈಲು ಬದಲಿಸುವ ನಡುವೆ ಒಂದು ಹಗಲು ಬಿಡುವಿತ್ತು. ಅಲ್ಲಿಯೇ ನೆಲೆಸಿದ್ದ ಉಪ್ಪುಂದದ ಗಣಪಣ್ಣನವರ ಹೋಟೆಲಿನಲ್ಲಿ ಊಟ. ಅವರು ನಮ್ಮ ಕೈಗೆ ಒಂದು ಭಾರದ ಚೀಲವನ್ನೂ ಒಂದು ವಿಳಾಸವನ್ನೂ ಕೊಟ್ಟರು. ರಾಮ ಬಹಾದೂರ್ ಎಂಬ ನೇಪಾಳಿ ಅವರ ಹೋಟೆಲಿನಲ್ಲಿ ಹುಡುಗನಾಗಿ ಸೇರಿ, ಅಡುಗೆ ಭಟ್ಟನಾಗಿ ಬೆಳೆದು, ಹೋದ ವರ್ಷ ಊರಿಗೆ ಮರಳಿದ್ದನಂತೆ. ಪಶುಪತಿ ದೇವಸ್ಥಾನದ ಹತ್ತಿರವೇ ಮನೆ. ಕುಚ್ಚಲಕ್ಕಿ, ಒಣಮೀನು ಎರಡೂ ಇಲ್ಲದೆ ಜ್ವರ ಬಂದವನ ಹಾಗಿದ್ದೇನೆ ಎಂದು ಫೋನು ಮಾಡುತ್ತಾನೆ, ಹೇಗಾದರೂ ಮುಟ್ಟಿಸಿ ಎಂದರು. ಒಣಮೀನಿನ ವಾಸನೆ ಗೋರಖ್‌ಪುರದವರೆಗೂ ಇಡೀ ಬೋಗಿಗೆ ನಮ್ಮ ಊರನ್ನು ಪರಿಚಯಿಸಿತು. ಎದುರಿನ ಸೀಟಿನವರು ಮೂಗು ಮುಚ್ಚಿಕೊಂಡಾಗ ಪದ್ಯ ಹೇಳುವ ರೋಷನ್, ಇದು ಮೇಡಮ್ಮನವರ ಸಸ್ಯಶಾಸ್ತ್ರದ ಸಾಮಾನು ಎಂದು ಹಿಂದಿಯಲ್ಲಿ ಹೇಳಿ ಎದ್ದು ಹೋದ.

ಗಡಿಯ ಕಮಾನು ದಾಟುವಾಗ ಮಕ್ಕಳ ನಡೆಯೇ ಬದಲಾಯಿತು. ಒಬ್ಬೊಬ್ಬರೂ ಬ್ಯಾಗನ್ನು ಸರಿಯಾಗಿ ಹೆಗಲಿಗೇರಿಸಿ, ಅಂಗಿ ಎಳೆದುಕೊಂಡು, ಶಾಲೆಯ ಪ್ರಾರ್ಥನೆಗೆ ನಿಲ್ಲುವವರ ಹಾಗೆ ನಡೆದರು. ಅವರ ಮನೆಗಳಲ್ಲಿ ಯಾರೂ ಓದಿನ ನೆವದಲ್ಲಿ ದೇಶ ದಾಟಿದವರಲ್ಲ.

ಮೇಳ ಚೆನ್ನಾಗಿಯೇ ನಡೆಯಿತು. ನಮ್ಮ ಮಕ್ಕಳು ವೇಷ ಕಟ್ಟಿ ಕುಣಿದದ್ದಕ್ಕೆ ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಶಾಲು, ಪ್ರಶಸ್ತಿ ಪತ್ರ, ಫೋಟೊ ಎಲ್ಲ ಆಯಿತು. ಮರುದಿನ ಪಶುಪತಿನಾಥನ ದರ್ಶನ. ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದ ಕಡೆಯವರೆಂದು ಕೇಳಿ ಮಕ್ಕಳು ಸಾಲಿನಲ್ಲಿ ನಿಂತಲ್ಲೇ ಎದೆಯುಬ್ಬಿಸಿದರು. ನವ್ಯಶ್ರೀ ಕೆಂಪು ವಸ್ತ್ರದ ಕೋಲನ್ನು ಹೆಗಲಿಗೆ ಒರಗಿಸಿಕೊಂಡೇ ಸುತ್ತು ಬಂದಳು. ಬಾಗ್ಮತಿಯ ದಡದಲ್ಲಿ ಕುಳಿತಾಗಲೂ ಅದನ್ನು ನೆಲಕ್ಕೆ ಇಡಲಿಲ್ಲ. ಮೇಳದ ಚಪ್ಪಾಳೆಯಿಂದ ಅವಳ ಮುಖ ಅರಳಿರಲಿಲ್ಲ.

ಸಪ್ತಮಿಯಿಂದ ಊರು ಮುಚ್ಚಿತು. ಅಂಗಡಿ ಇಲ್ಲ, ಬಸ್ಸು ವಿರಳ. ಎಲ್ಲರೂ ತಮ್ಮ ತಮ್ಮ ಹಿರಿಯರ ಮನೆ ಸೇರಿದ್ದರು. ದಶಮಿ ಕಳೆಯದೆ ನಮಗೂ ಹೊರಡುವಂತಿರಲಿಲ್ಲ. ಆಕಾಶದ ತುಂಬ ಗಾಳಿಪಟ, ಬಯಲಿನಲ್ಲಿ ಬಿದಿರಿನ ಉದ್ದುದ್ದ ಉಯ್ಯಾಲೆ.

ಅಷ್ಟಮಿಯ ಬೆಳಿಗ್ಗೆ ನಾಲ್ವರು ಪಂಚೆ ಉಟ್ಟು ಟೊಪ್ಪಿ ಹಾಕಿ ನಿಂತರು: ನವ್ಯಶ್ರೀ, ವಿಶಾಲ್, ರೋಷನ್, ಮದ್ದಳೆಯ ಪದ್ದು. ನವ್ಯಶ್ರೀ ಜಡೆಯನ್ನು ಸುತ್ತಿ ಟೊಪ್ಪಿಯೊಳಗೆ ತುರುಕಿದ್ದಳು. ಅದನ್ನು ಕಂಡ ನಾನು, ಗೊತ್ತಿದ್ದೂ ಕೂರಿಸಬೇಕು ಎಂದಿದ್ದಾರಲ್ಲ ಎಂದು ನೆನಪಿಸಿದೆ. ಅವಳು ಒಂದು ಕ್ಷಣ ಯೋಚಿಸಿ ಜಡೆಯನ್ನು ಹೊರಗೆ ಬಿಟ್ಟಳು.

ನಾವು ಇಳಿದಿದ್ದ ಲಾಡ್ಜಿನ ಹಿಂದಿನ ಗಲ್ಲಿಯಲ್ಲಿ ಊರಿನಲ್ಲಿ ಮಾಡಿದ ಹಾಗೆಯೇ ಮಾಡಿದರು. ಗೇಟಿನ ಎದುರು ನಿಂತು ಪದ್ದು ಮದ್ದಳೆಗೆ ಎರಡು ಪೆಟ್ಟು ಹಾಕಿದ. ಬಾರ್ಕೂರಿನಲ್ಲಾದರೆ ಅಷ್ಟಕ್ಕೇ ಒಳಗೆ ದೀಪ ಹಚ್ಚುವ ಗಡಿಬಿಡಿ ಕೇಳಿಸುತ್ತದೆ. ಇಲ್ಲಿ ಒಬ್ಬ ಗೃಹಸ್ಥ ಗೇಟಿನ ಸಂದಿಯಿಂದ ನೋಟೊಂದನ್ನು ಚಾಚಿ, ಕೈ ಮುಗಿದು, ಬಾಗಿಲು ಹಾಕಿಕೊಂಡ. ನವ್ಯಶ್ರೀ ನೋಟನ್ನು ಗೇಟಿನ ಸರಳಿಗೆ ಸಿಕ್ಕಿಸಿ ಬಂದಳು. ಎರಡನೆಯ ಮನೆಯ ಹೆಂಗಸು ಇವರನ್ನು ನೋಡಿ ಸೆರಗು ಬಾಯಿಗಿಟ್ಟು ನಕ್ಕಳು. ವಿಶಾಲ್ ತನ್ನ ಹಿಂದಿಯಲ್ಲಿ ಕೇಳಿ ತಿಳಿದದ್ದು ಇಷ್ಟು: ಮನೆಮನೆಗೆ ಹಾಡಿಕೊಂಡು ಬರುವುದು ಅಲ್ಲಿಯೂ ಇದೆ, ಆದರೆ ಅದು ದೀಪಾವಳಿಗೆ. ನೀವು ಬೇಗ ಬಂದುಬಿಟ್ಟಿರಿ, ಮುಂದಿನ ಅಮಾವಾಸ್ಯೆಗೆ ಬನ್ನಿ. ಮೂರನೆಯ ಮನೆಯಲ್ಲಿ ನಾಯಿ ಮಾತ್ರ ಇತ್ತು.

ಲಾಡ್ಜಿಗೆ ಬಂದ ಮೇಲೆ ವಿಶಾಲ್ ಒಂದು ದಾರಿ ಹೇಳಿದ. ಮ್ಯಾನೇಜರು ಒಳ್ಳೆಯವರು, ಅವರ ಕೋಣೆಯಲ್ಲಿ ದೀಪ, ಅಕ್ಕಿ ಇಡಿಸೋಣ, ಒಂದು ಫೋಟೊ ತೆಗೆಯೋಣ. ಅವರದೂ ಒಂದು ವಾಸದ ಜಾಗವೇ ತಾನೆ? ಅವನ ಉದ್ದೇಶ ಅವಳಿಗೆ ಒಳ್ಳೆಯದಾಗಲಿ ಎಂದೇ. ನಾನೂ ಬೇಡ ಎನ್ನಲಿಲ್ಲ.

“ಫೋಟೊ ಕಂಡ್ರೆ ಅಜ್ಜಯ್ಯ ನಂಬ್ತ್ರ್,” ಎಂದಳು ನವ್ಯಶ್ರೀ. “ಆದ್ರೆ ಬಪ್ ವರ್ಷ ಚೆನ್ನಯ್ಯಣ್ಣನ ಅಂಗಳದಗೆ ನಿಂತ್ಕಂಬುದ್ ನಾನಲ್ದಾ. ಆವತ್ತ್ ನನ್ ಕಾಲ್ ನಡ್ಗುಕಾಗ.”

ವಿಶಾಲ್ ಮತ್ತೆ ಆ ಮಾತು ಎತ್ತಲಿಲ್ಲ. ನವಮಿ ಇಡೀ ಕೋಲು ಅವಳ ಮಂಚದ ತಲೆದಿಂಬಿನ ಬಳಿ ಕಟ್ಟಿದ ಹಾಗೆಯೇ ಇತ್ತು.

ದಶಮಿಯ ದಿನ ರಾಮ ಬಹಾದೂರನ ಮನೆಗೆ ಕರೆಯಿತ್ತು. ಚೀಲ ಮುಟ್ಟಿಸುತ್ತೇವೆ ಎಂದು ಫೋನು ಮಾಡಿದಾಗ, ಟೀಕಾ ಹಚ್ಚಿಸಿಕೊಳ್ಳದೆ ಹೋಗುವಂತಿಲ್ಲ ಎಂದು ಅವನೇ ಹೇಳಿದ್ದ. ಆ ದಿನ ಮನೆಯ ಹಿರಿಯರು ಕಿರಿಯರ ಹಣೆಗೆ ಅಕ್ಕಿ, ಮೊಸರು, ಕುಂಕುಮ ಕಲಸಿದ ಟೀಕಾ ಹಚ್ಚಿ, ತಲೆಗೆ ಜಮರಾ ಮುಡಿಸುತ್ತಾರೆ. ಜಮರಾ ಎಂದರೆ ಪಾಡ್ಯದ ದಿನ ಕತ್ತಲೆಯ ಕೋಣೆಯಲ್ಲಿ ಬಿತ್ತಿದ ಜವೆಗೋಧಿಯ ಸಸಿ. ಬೆಳಕು ಕಾಣದ್ದರಿಂದ ಹಸಿರು ಹುಟ್ಟದೆ ಎಳೆ ಹಳದಿಯಾಗಿಯೇ ಉದ್ದಕ್ಕೆ ಬೆಳೆದಿರುತ್ತದೆ. ನಾನು ವರ್ಷವೂ ತರಗತಿಯಲ್ಲಿ ಡಬ್ಬಿ ಮುಚ್ಚಿ ಮಾಡಿ ತೋರಿಸುತ್ತಿದ್ದ ಪ್ರಯೋಗ ಅದು. ಅದಕ್ಕೆ ಹೂವಿನ ಮರ್ಯಾದೆ ಸಿಗುವುದನ್ನು ನೋಡಿದ್ದು ಅಲ್ಲಿಯೇ.

ಆ ನಾಲ್ವರೂ ನಾನೂ ಕೋಲು, ಮದ್ದಳೆ ಸಮೇತ ಹೊರಟೆವು. ಹೋಗುವ ದಾರಿಯಲ್ಲಿ ನವ್ಯಶ್ರೀ ನನ್ನ ಹತ್ತಿರ ಬಂದು, ಅಜ್ಜಯ್ಯನ ಷರತ್ತಿನ ವಿಷಯ ರಾಮಣ್ಣನಿಗೆ ಹೇಳಬೇಡಿ ಎಂದಳು. ಹೇಳಿದರೆ ಅವರು ಖಂಡಿತ ದೀಪ ಹಚ್ಚುತ್ತಾರೆ, ಆಗ ಅದು ಬೇಡಿದ ಹಾಗೆಯೇ ಆಗುತ್ತದೆ ಎಂದಳು. ನಾನು ಹೇಳಬೇಕೆಂದೇ ಹೊರಟಿದ್ದೆ. ಹೂಂ ಎಂದೆ.

ಗಲ್ಲಿಯ ತುದಿಯಲ್ಲಿ ಗಿಡ್ಡನೆಯ, ನರೆಗೂದಲಿನ ಮನುಷ್ಯನೊಬ್ಬ ನಿಂತಿದ್ದ. ಹಣೆಯ ತುಂಬ ಕೆಂಪು ಅಕ್ಕಿ, ಕಿವಿಯ ಹಿಂದೆ ಜಮರಾ. ನಮ್ಮನ್ನು ಕಂಡು ದೊಡ್ಡದಾಗಿ ಕೂಗಿದ: “ಹ್ವಾಯ್, ಬನ್ನಿ ಬನ್ನಿ. ದಾರಿ ತಪ್ಪ್ತಾ ಅಂದೇಳಿ ಕಾಯ್ತಾ ಇದ್ದೆ. ಒಣ್ಮೀನ್ ಇತ್ತಾ, ರೈಲಗೆ ಬಿಟ್ರ್ಯಾ?”

ಅಚ್ಚ ಕುಂದಾಪುರದ ಮಾತು ಕೇಳಿ ಮಕ್ಕಳು ಅವನನ್ನು ಮುತ್ತಿಕೊಂಡರು. ಆಮೇಲೆ ಶುರುವಾದ ಮಾತು ಮನೆಯ ಮೆಟ್ಟಿಲಿನವರೆಗೂ ನಿಲ್ಲಲಿಲ್ಲ. ಗಣಪಣ್ಣ ಈಗಲೂ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ನಿದ್ದೆ ಮಾಡುತ್ತಾರೆಯೇ, ಮರವಂತೆಯಲ್ಲಿ ಸಮುದ್ರ ರಸ್ತೆಗೆ ಬರುವುದು ನಿಜವೇ ಎಂದು ಅವನು ಒಂದೊಂದಾಗಿ ಕೇಳಿದ. ಕುಂದಾಪುರವನ್ನು ಅವನು ಕಣ್ಣಿನಿಂದ ನೋಡಿಯೇ ಇರಲಿಲ್ಲ. ಹೋಟೆಲಿನ ಅಡುಗೆಮನೆಯಲ್ಲಿ ಕೇಳಿ ಕೇಳಿ ಊರನ್ನೆಲ್ಲ ತಿಳಿದಿದ್ದ.

ಮಣ್ಣಿನ ಗೋಡೆಯ, ಒಳಗೆ ಸಾರಿಸಿದ ಮನೆ. ಅವನ ತಾಯಿ ಚಾಪೆಯ ಮೇಲೆ ಕುಳಿತು ನಮಗೆಲ್ಲ ಟೀಕಾ ಹಚ್ಚಿದಳು. ಹಲ್ಲಿಲ್ಲದ, ಚುರುಕು ಕಣ್ಣಿನ ಮುದುಕಿ. ನವ್ಯಶ್ರೀಯ ಸರದಿ ಬಂದಾಗ ಕೆಂಪು ವಸ್ತ್ರವನ್ನು ಮುಟ್ಟಿ ಏನೋ ಕೇಳಿದಳು.

“ಎಂತ ಅದ್ ಅಂತ್ರ್ ಅಮ್ಮ,” ಎಂದ ರಾಮ. “ಕೊಡೆಯಾ?”

ನವರಾತ್ರಿಯಲ್ಲಿ ಮನೆಮನೆಗೆ ಒಯ್ದು ಹರಸುವ ಕೋಲು ಎಂದಳು ನವ್ಯಶ್ರೀ. ಅಷ್ಟೇ. ದೀಪವನ್ನೂ ಅಕ್ಕಿಯನ್ನೂ ಹೆಸರಿಸಲಿಲ್ಲ. ರಾಮ ಅದನ್ನು ತಾಯಿಗೆ ತಿಳಿಸಿದ. ಮುದುಕಿ ಇನ್ನೊಂದು ಪ್ರಶ್ನೆ ಕೇಳಿದಳು.

“ಹರ್ಸುದ್ ಗಂಡ್ಮಕ್ಕಳೋ, ಹೆಣ್ಮಕ್ಕಳೋ ಅಂತ್ರ್.”

ಬಾರ್ಕೂರಿನಲ್ಲಿ ಹುಡುಗರು ಎಂದು ಹೇಳಿದರೆ ಸತ್ಯವೇ ಆಗುತ್ತಿತ್ತು. ವಿಶಾಲ್ ಬಾಯಿ ತೆರೆದ. ಅಷ್ಟರಲ್ಲಿ ನವ್ಯಶ್ರೀ ತನ್ನ ಎದೆಯ ಮೇಲೆ ಬೆರಳಿಟ್ಟು, ನಾನು ಎಂದಳು.

ಮುದುಕಿ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ಗೋಡೆ ಹಿಡಿದು ಎದ್ದು, ಅವಳ ತೋಳನ್ನು ಹಿಡಿದು ಬಾಗಿಲ ಕಡೆಗೆ ತಿರುಗಿಸಿ, ಹೊರಗೆ ಎಂಬಂತೆ ಕೈ ಮಾಡಿದಳು. ವಿಶಾಲ್‌, ರೋಷನ್, ಪದ್ದು ಮೂವರಿಗೂ ಅದೇ ಸನ್ನೆ. ನವ್ಯಶ್ರೀಯ ಮುಖ ನಾನು ಮರೆಯಲಾರೆ. ಅವಳು ಕೋಲನ್ನು ಎದೆಗವಚಿಕೊಂಡು ಹೊಸ್ತಿಲು ದಾಟಿದಳು. ಚಪ್ಪಲಿಯನ್ನೂ ಮೆಟ್ಟಿಕೊಂಡಳು.

“ಹೆಣೆ, ಚಪ್ಲಿ ಎಂತಕೆ ಹಾಕುದ್?” ರಾಮ ಬಾಗಿಲಿಗೆ ಓಡಿ ಬಂದ. “ಒಳ್ಗೆ ಕೂಕಂಡ್ ಹರ್ಸುಕಾತಾ? ಬಾಗ್ಲಿಂದ ಬರ್ಕ್ ಅಂಬ್ರ್ ಅಮ್ಮ. ಹಾಡುಕೆ ಬಪ್ಪುದ್ ನಮ್ಮಲ್ಲೂ ಮೊದ್ಲ್ ಹೆಣ್ಮಕ್ಕಳೇ. ಲಕ್ಷ್ಮೀಪೂಜಿ ದಿನ ಅವ್ರದ್ದ್, ಗಂಡ್ಮಕ್ಕಳದ್ದ್ ಮರ್ದಿನ. ಸ್ವಲ್ಪ ನಿಲ್ಲಿ, ಅಮ್ಮ ಗೆರ್ಸಿ ತತ್ರ್.”

ಹೊರಗೆ ನಾಲ್ವರು ನಿಂತಿದ್ದರು. ಒಳಗೆ ನಾನು ನೋಡುತ್ತಿದ್ದೆ. ಮುದುಕಿ ಗೋಡೆಗೆ ತೂಗುಹಾಕಿದ್ದ ಬಿದಿರಿನ ಗೆರಸೆಯನ್ನು ಇಳಿಸಿ ಒರೆಸಿದಳು. ಅದರಲ್ಲಿ ಅಕ್ಕಿ ಹರಡಿದಳು. ನಡುವೆ ಮಣ್ಣಿನ ಹಣತೆ ಇಟ್ಟು, ಎಣ್ಣೆ ಹೊಯ್ದು ಹಚ್ಚಿದಳು. ಸುತ್ತ ಗೊಂಡೆ ಹೂ, ಅಕ್ಕಿ ಹಿಟ್ಟಿನ ಬಳೆಯಂಥ ಕರಿದ ರೊಟ್ಟಿ. ಯಾರೂ ಅವಳಿಗೆ ಹೇಳಿಕೊಡಲಿಲ್ಲ. ಅವಳು ಹುಡುಗಿಯಾಗಿದ್ದಾಗ ಬೇರೆಯವರ ಬಾಗಿಲಲ್ಲಿ ನಿಂತು ಹಾಡಿದಾಗ ಅವರು ಇಟ್ಟದ್ದನ್ನೇ ಈಗ ತಾನೂ ಇಟ್ಟಳು. ಗೆರಸೆಯ ಬದಲು ಹರಿವಾಣ ಇದ್ದಿದ್ದರೆ ಅದು ಬಾರ್ಕೂರಿನ ಯಾವುದೇ ಜಗಲಿ.

ಪದ್ದು ಮದ್ದಳೆಗೆ ಎರಡು ಪೆಟ್ಟು ಹಾಕಿದ. ಮುದುಕಿ ಹೊಸ್ತಿಲಿಗೆ ಬಂದು ಕೈ ಹಿಡಿದು ಒಳಗೆ ಕರೆದಳು. ನವ್ಯಶ್ರೀ ದೀಪದ ಮುಂದೆ ಕುಳಿತು ಕೆಂಪು ವಸ್ತ್ರವನ್ನು ಬಿಚ್ಚಿದಳು. ಮೂರು ದಿನ ರೈಲಿನಲ್ಲಿ, ಒಂದು ಇಡೀ ದಿನ ಬಸ್ಸಿನಲ್ಲಿ ಬಂದ ಬರೀ ಕೋಲು ಅದು, ಊರಿನಲ್ಲಿ ಕಟ್ಟಿದ್ದ ಅಬ್ಬಲಿಗೆ ಹೂ ಒಣಗಿ ಪುಡಿಯಾಗಿತ್ತು. ಮುದುಕಿ ಗೆರಸೆಯಿಂದ ಎರಡು ಗೊಂಡೆ ಹೂ ತೆಗೆದು, ತನ್ನ ಮುಡಿಯ ಜಮರಾದ ಎಳೆಯಿಂದಲೇ ಅದಕ್ಕೆ ಸುತ್ತಿ ಕಟ್ಟಿದಳು.

ಹರಕೆಯ ಮಾತು ಶುರುವಾಯಿತು. ಈ ಮನೆಯ ಗದ್ದೆ ತುಂಬಲಿ, ಹಟ್ಟಿ ತುಂಬಲಿ, ತೊಟ್ಟಿಲು ತುಂಬಲಿ ಎಂಬ ಅರ್ಥದ ಮಾತು. ರಾಮ ಮೊದಮೊದಲು ತಾಯಿಯ ಕಿವಿಯಲ್ಲಿ ತಿಳಿಸುತ್ತಿದ್ದ. ಆಮೇಲೆ ರೋಷನ್ ಪದ್ಯ ಎತ್ತಿ, ಮಗನನ್ನು ಯುದ್ಧಕ್ಕೆ ಕಳಿಸುವ ತಾಯಿಯಾಗಿ ನವ್ಯಶ್ರೀ ಮಾತಿಗೆ ತೊಡಗಿದಾಗ ರಾಮ ತಿಳಿಸುವುದನ್ನು ಬಿಟ್ಟು ಕೇಳುತ್ತ ಕುಳಿತ. ಅರ್ಥ ಹೇಳು ಎಂದು ಮುದುಕಿ ಅವನ ಮೊಣಕೈ ತಿವಿಯಲೂ ಇಲ್ಲ. ಅಕ್ಕಪಕ್ಕದ ಮನೆಯವರು ಬಾಗಿಲಲ್ಲಿ, ಕಿಟಕಿಯಲ್ಲಿ ಸೇರಿದರು. ಮಗನಾದ ವಿಶಾಲ್ ಒಂದು ಕಡೆ ಮಾತು ಮರೆತ. ನವ್ಯಶ್ರೀ ತಾಯಿಯ ಸಿಟ್ಟಿನಿಂದಲೇ, ಹೊರಡುವಾಗ ನಾಲಿಗೆಯನ್ನೂ ಮನೆಯಲ್ಲೇ ಬಿಟ್ಟು ಹೋಗುತ್ತೀಯಾ ಮಗನೇ ಎಂದು ಅಲ್ಲಿಯೇ ಹೊಸೆದು, ಅವನಿಗೆ ದಾರಿ ಮಾಡಿಕೊಟ್ಟಳು. ನೋಡುತ್ತಿದ್ದವರಲ್ಲಿ ಅರ್ಥವಾಗಿ ನಕ್ಕವರು ರಾಮ ಮತ್ತು ನಾನು ಇಬ್ಬರೇ. ನಾನು ವೇದಿಕೆಯ ಚಪ್ಪಾಳೆಯನ್ನು ಕೇಳಿದ್ದೆ. ಆ ಹತ್ತಡಿ ಅಗಲದ ಕೋಣೆಯಲ್ಲಿ ನನಗಾದ ಹೆಮ್ಮೆಗೆ ಆ ಚಪ್ಪಾಳೆ ಸಮವಲ್ಲ.

ಊರಿಗೆ ಬಂದು ಮೊದಲು ಬಾರ್ಕೂರಿಗೇ ಹೋದೆವು. ಮಂಜಯ್ಯನವರು ಕನ್ನಡಕ ಹಾಕಿಕೊಂಡು ಕೆಂಪು ವಸ್ತ್ರದ ಗಂಟನ್ನು ಮೊದಲು ಪರೀಕ್ಷಿಸಿದರು. ಬಿಚ್ಚಿದರೆ ಕೋಲಿಗೆ ಒಣಗಿದ ಗೊಂಡೆ, ಒಣಗಿಯೂ ಹಳದಿಯಾಗಿಯೇ ಉಳಿದ ಜಮರಾ, ವಸ್ತ್ರದ ಮಡಿಕೆಯಲ್ಲಿ ಗೆರಸೆಯ ಅಕ್ಕಿ.

“ದೀಪ ಅವ್ರೇ ಹಚ್ಚಿದ್ದಾ?”

“ಅವ್ರೇ, ಅಜ್ಜಯ್ಯ.”

“ಹೆಣ್ ಅಂದೇಳಿ ಗೊತ್ತಿದ್ದೂ?”

“ಹೆಣ್ ಅಂದೇಳಿಯೇ.”

ಅವರು ನನ್ನ ಮುಖವನ್ನು ನೋಡಿದರು. ನಾನು ಗೆರಸೆಯ ವಿಷಯವನ್ನು, ಹೊರಗೆ ಹೋಗಿ ಬನ್ನಿ ಎಂದದ್ದನ್ನು, ಅಲ್ಲಿನ ಹೆಣ್ಣುಮಕ್ಕಳ ಹಾಡಿನ ಕ್ರಮವನ್ನು ಒಂದೂ ಬಿಡದೆ ಹೇಳಿದೆ. ಮಂಜಯ್ಯನವರು ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು ತಿರುವಿ ನೋಡಿ, ಇದು ಕುಚ್ಚಲು ಅಲ್ಲ, ಬೆಳ್ತಿಗೆ, ಪಾಯಸಕ್ಕಾಗುತ್ತದೆ ಎಂದು ಹೇಳಿ ಒಳಗೆ ಕೊಟ್ಟು ಕಳಿಸಿದರು. ಜಮರಾವನ್ನು ಮಾತ್ರ ಕೋಲಿನಿಂದ ಬಿಚ್ಚಲಿಲ್ಲ.

ಮರುವರ್ಷದ ನವರಾತ್ರಿಗೆ ಅವರು ಮಾತು ಉಳಿಸಿಕೊಂಡರು. ನಾನೂ ಹೋಗಿದ್ದೆ. ನವ್ಯಶ್ರೀಯ ಅಮ್ಮ ಬೆಳ್ಳಿಯೂ ಉಪ್ಪುಂದದಿಂದ ಬಸ್ಸಿನಲ್ಲಿ ಬಂದಿದ್ದರು. ನವರಾತ್ರಿಯಲ್ಲಿ ಮೀನು ಕೇಳುವವರಿಲ್ಲ, ಹಾಗಾಗಿ ಬಿಡುವು ಎಂದರು. ಹಸಿರು ಸೀರೆ ಉಟ್ಟು, ಚೆನ್ನಯ್ಯನವರ ಬೇಲಿಯ ಬಾಗಿಲಾದ ದಣಪೆಯ ಹೊರಗೆ ರಸ್ತೆಯಲ್ಲೇ ನಿಂತರು. ಕರೆದರೂ ಅಂಗಳಕ್ಕೆ ಬರಲಿಲ್ಲ.

ಮದ್ದಳೆಯ ಪೆಟ್ಟಿಗೆ ಚೆನ್ನಯ್ಯನವರು ಹೊರಗೆ ಬಂದರು. ಮುಂದೆ ನವ್ಯಶ್ರೀ, ಬಿಳಿ ಟೊಪ್ಪಿ, ಹೊರಗೆ ಬಿಟ್ಟ ಜಡೆ. ಅವಳ ಕಾಲನ್ನು ನಾನು ನೋಡಿದೆ. ನಡುಗುತ್ತಿರಲಿಲ್ಲ.

“ಮಂಜಯ್ಯ, ನಾನ್ ಆವತ್ತೇ...” ಎಂದು ಶುರು ಮಾಡಿದವರು ಕೋಲಿನ ತುದಿಯ ಹಳದಿ ಹುಲ್ಲನ್ನು ನೋಡಿ ನಿಂತರು. “ಇದ್ ಎಂತ ಕಟ್ಟಿದ್ದ್?”

“ಅದಾ? ಪಶುಪತಿನಾಥನ ಊರಗೆ ಒಂದ್ ಮನಿಯರ್ ಕಟ್ಟಿದ್ದ್,” ಎಂದರು ಮಂಜಯ್ಯ. “ಅಲ್ಲಿ ಹೆಣ್ಮಕ್ಕಳಿಗೇ ಮೊದ್ಲ್ ಅಕ್ಕಿ ಅಂಬ್ರ್. ನೀವ್ ದೊಡ್ಡೋರ್. ಬೇಡ ಅಂದ್ರೆ ನಾವ್ ಹೋತ್.”

ಚೆನ್ನಯ್ಯನವರು ಬಗ್ಗಿ ಜಮರಾವನ್ನು ಬೆರಳಿನಿಂದ ಮುಟ್ಟಿದರು. ಕೃಷಿಕರು, ಸಸಿ ಎಂದರೆ ಕೈ ಹೋಗುತ್ತದೆ. ಯಾವ ಬೆಳೆ ಎಂದು ನವ್ಯಶ್ರೀಯನ್ನೇ ಕೇಳಿದರು. ಜವೆಗೋಧಿ, ಕತ್ತಲೆಯಲ್ಲಿ ಬೆಳೆದದ್ದು, ಅದಕ್ಕೆ ಹಸಿರಾಗಿಲ್ಲ ಎಂದು ಅವಳು ವಿವರಿಸಿದಳು. ಅವರು ಹೂಂಗುಟ್ಟಿದರು. ಒಪ್ಪಿದೆ ಎಂದು ಹೇಳಲಿಲ್ಲ. ಹಿಂದಿನ ಸಲ ಆಡಿದ ಮಾತನ್ನೂ ಎತ್ತಲಿಲ್ಲ. ಒಳಗೆ ತಿರುಗಿ, ದೀಪ ತಕಂಬನ್ನಿ ಎಂದು ಮನೆಯವರನ್ನು ಕರೆದು, ಜಗಲಿಯ ಕುರ್ಚಿಯನ್ನು ತಾವೇ ಎತ್ತಿ ಬದಿಗಿಟ್ಟರು.

ನವ್ಯಶ್ರೀ ಹೊಸ್ತಿಲ ಹತ್ತಿರ ಒಂದು ಸಲ ನಿಂತು ದಣಪೆಯ ಕಡೆ ನೋಡಿದಳು. ಬೆಳ್ಳಿ ರಸ್ತೆಯಲ್ಲಿ ಹೋಗುತ್ತಿದ್ದ ಯಾರನ್ನೋ ತಡೆದು ನಿಲ್ಲಿಸಿ, ಕೈ ತೋರಿಸಿ, ಅದು ನಮ್ಮ ಹುಡುಗಿ ಎಂದು ಹೇಳುತ್ತಿದ್ದರು.